ಸೊನ್ನೆ ಕೊಟ್ಟರೂ ಟ್ರಿಪ್ ಆದ ರಿಲೇ: ಸಮೀಕರಣದಿಂದ ಅಲೆ ಕಟ್ಟಿದ ಒಂದು ಪ್ರಕರಣ

ಈ ಬರಹದಲ್ಲಿ ಬರುವ ಘಟಕ, ಅದರ ಮಾಲೀಕರು, ತಂತ್ರಜ್ಞರು, ರೈತರು ಯಾರ ಗುರುತನ್ನೂ ಕೊಟ್ಟಿಲ್ಲ. ಪಂಪ್‌ಸೆಟ್ ಮೋಟಾರನ್ನು ಕಾಯಲು ಈ ಘಟಕ ಮಾಡುತ್ತಿದ್ದ ಪ್ರಿವೆಂಟರ್ ಎಂಬ ಸಾಧನ ಕಾರಣವಿಲ್ಲದೆ ಮೋಟಾರನ್ನು ನಿಲ್ಲಿಸುತ್ತಿತ್ತು. ಅದೇಕೆಂದು ಹುಡುಕುವ ಕೆಲಸ ನಡೆದದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ. ದೂರುಗಳು ಬಂದದ್ದು ಗದಗ ಜಿಲ್ಲೆಯ ಹೊಲಗಳಿಂದ. ನಾನು ಅವಳಿ ನಗರದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಮಾಲೀಕರ ಪರಿಚಯವಿದ್ದುದರಿಂದ ಈ ಕೆಲಸಕ್ಕೆ ಕೈಹಾಕಿದೆ. ನಾವು ಎಡವಿದ ಕಡೆಗಳನ್ನೇ ಹೆಚ್ಚು ವಿವರವಾಗಿ ಬರೆದಿದ್ದೇನೆ. ಗಣಿತದ ಸಮೀಕರಣದಿಂದ ಅಲೆಯನ್ನು ಕಟ್ಟಿ ಉಪಕರಣಕ್ಕೆ ಉಣಿಸುವವರು ಮೊದಲು ಎಡವುವುದು ಅಲ್ಲಿಯೇ.

ಹಿನ್ನೆಲೆ

ಓಡುತ್ತಿರುವ ಪಂಪ್‌ಸೆಟ್‌ಗೆ ಮೂರು ಫೇಸ್‌ಗಳಲ್ಲಿ ಒಂದು ಕಡಿದುಹೋದರೆ ಮೋಟಾರು ತಕ್ಷಣ ನಿಲ್ಲುವುದಿಲ್ಲ. ಉಳಿದೆರಡು ಫೇಸ್‌ಗಳಿಂದ ಹೆಚ್ಚು ಕರೆಂಟು ಎಳೆದುಕೊಂಡು, ಗುರುಗುಟ್ಟುತ್ತಾ ಕಾದು, ಕೊನೆಗೆ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಸಬ್‌ಮರ್ಸಿಬಲ್ ಆದರೆ ಪೈಪುಗಳ ಸಮೇತ ಬೋರ್‌ವೆಲ್‌ನಿಂದ ಎತ್ತಿಸಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಅಷ್ಟು ದಿನ ಬೆಳೆಗೆ ನೀರಿಲ್ಲ. ಇದನ್ನು ತಪ್ಪಿಸಲೆಂದೇ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಕೂರಿಸುತ್ತಾರೆ.

ಪ್ರಿವೆಂಟರ್‌ನ ಕೆಲಸ ನೋಡಿದಷ್ಟು ಸುಲಭವಲ್ಲ. ಒಂದು ಫೇಸ್ ಕಡಿದ ಮೇಲೂ ತಿರುಗುತ್ತಿರುವ ಮೋಟಾರು ಆ ತಂತಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ. ವೋಲ್ಟೇಜ್ ಇದೆಯೇ ಎಂದು ಮಾತ್ರ ನೋಡುವ ಸರ್ಕ್ಯೂಟ್ ಇದರಿಂದ ಮೋಸಹೋಗುತ್ತದೆ. ಆದ್ದರಿಂದ ಈ ಘಟಕದ ಪ್ರಿವೆಂಟರ್ ಮೂರು ಲೈನ್ ವೋಲ್ಟೇಜ್‌ಗಳ (ಎರಡೆರಡು ಫೇಸ್‌ಗಳ ನಡುವಿನ ವೋಲ್ಟೇಜ್) ನಡುವಿನ ಕೋನವನ್ನು, ಅಂದರೆ ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದಿದೆ ಎಂಬುದನ್ನು, ಅಳೆಯುತ್ತಿತ್ತು. 50 ಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮೂರೂ ಫೇಸ್ ಸರಿಯಿದ್ದಾಗ ಇರಬೇಕಾದ 120 ಡಿಗ್ರಿಗೆ 6.67 ಮಿಲಿಸೆಕೆಂಡ್. ಒಳಗಿನ ಮೈಕ್ರೊಕಂಟ್ರೋಲರ್ 0.1 ಮಿಲಿಸೆಕೆಂಡಿಗೊಮ್ಮೆ ವೋಲ್ಟೇಜ್ ಓದಿ, ಅಲೆ ಸೊನ್ನೆಯನ್ನು ದಾಟಿ ಮೇಲೇರುವ ಗಳಿಗೆಗಳನ್ನು ಗುರುತಿಸಿ, ಅವುಗಳ ಅಂತರವನ್ನೂ ಸರದಿಯನ್ನೂ ನೋಡುತ್ತಿತ್ತು. ಅಂತರ 12 ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಅಥವಾ ಸರದಿ ಕೆಟ್ಟರೆ ಅದು ಒಂದು ತಪ್ಪು. ಒಂದು ಸೆಕೆಂಡಿನೊಳಗೆ ಮೂರು ತಪ್ಪು ಕಂಡರೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಮೋಟಾರನ್ನು ನಿಲ್ಲಿಸುತ್ತಿತ್ತು, ಅಂದರೆ ಟ್ರಿಪ್ ಆಗುತ್ತಿತ್ತು.

ತೊಂದರೆ

ಮೂರೂ ಫೇಸ್ ಸರಿಯಾಗಿದ್ದರೂ ಪ್ರಿವೆಂಟರ್ ಟ್ರಿಪ್ ಆಗುತ್ತದೆ ಎಂಬ ದೂರು ಹತ್ತಾರು ಕಡೆಗಳಿಂದ ಬಂದಿತ್ತು. ಕೆಲವೊಮ್ಮೆ ಐದು ನಿಮಿಷಕ್ಕೆ, ಕೆಲವೊಮ್ಮೆ ಎರಡು ತಾಸಿಗೆ. ರಾತ್ರಿ ಹೊಲಕ್ಕೆ ಹೋಗಿ ಮತ್ತೆ ಮತ್ತೆ ಬಟನ್ ಒತ್ತಿ ಬೇಸತ್ತ ರೈತರು ಪ್ರಿವೆಂಟರ್ ಅನ್ನು ತಪ್ಪಿಸಿ ತಂತಿಯನ್ನು ನೇರ ಕೂಡಿಸಿಬಿಟ್ಟಿದ್ದರು. ಒಬ್ಬರು ತಂತ್ರಜ್ಞರಿಗೆ ಹೇಳಿದ ಮಾತು ಈಗಲೂ ನೆನಪಿದೆ: “ಸಾಹೇಬರೇ, ಕಳ್ಳ ಬಂದಾಗಲೂ ಬಾರದಾಗಲೂ ಬೊಗಳುವ ನಾಯಿಯನ್ನು ಯಾರು ಸಾಕುತ್ತಾರೆ?” ಹಾಗೆ ನೇರ ಕೂಡಿಸಿದ ಎರಡು ಕಡೆ ಮುಂದೆ ನಿಜವಾಗಿಯೇ ಫೇಸ್ ಹೋಗಿ ಮೋಟಾರು ಸುಟ್ಟಿತ್ತು. ಮಾಲೀಕರು ನನ್ನಲ್ಲಿಗೆ ಬಂದದ್ದು ಆ ಎರಡು ಮೋಟಾರುಗಳ ನೋವಿನಿಂದ.

ಹಿಂದಕ್ಕೆ ಬಂದ ಪ್ರಿವೆಂಟರ್‌ಗಳು ಹುಬ್ಬಳ್ಳಿಯ ಮೇಜಿನ ಮೇಲೆ ದಿನಗಟ್ಟಲೆ ಓಡಿದರೂ ಒಮ್ಮೆಯೂ ಟ್ರಿಪ್ ಆಗಲಿಲ್ಲ.

ಮೊದಲ ತಿರುವು ಸಿಕ್ಕಿದ್ದು ದೂರಿನ ಪುಸ್ತಕದಲ್ಲಿ. ಹಿರಿಯ ತಂತ್ರಜ್ಞರು ದೂರುಗಳನ್ನು ಗಿರಾಕಿಯ ಹೆಸರಿನ ಬದಲು ತಾರೀಖಿನ ಪ್ರಕಾರ ಜೋಡಿಸಿದರು. ಬಹುತೇಕ ಎಲ್ಲವೂ ನವೆಂಬರ್‌ನಿಂದ ಫೆಬ್ರುವರಿಯ ನಡುವೆ ಬಂದಿದ್ದವು. ಹಿಂಗಾರಿಗೆ ನೀರು ಹಾಯಿಸುವ ಕಾಲ, ಪಂಪು ಹೆಚ್ಚು ಓಡುತ್ತದೆ, ದೂರೂ ಹೆಚ್ಚು ಎಂದು ಮಾಲೀಕರು ಅದನ್ನು ತಳ್ಳಿಹಾಕಿದ್ದರು. ತಂತ್ರಜ್ಞರು ಒಪ್ಪಲಿಲ್ಲ. ಬೇಸಿಗೆಯಲ್ಲೂ ಪಂಪು ಓಡುತ್ತದಲ್ಲ ಎಂದರು. ಊರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಆ ಲೈನುಗಳ ಮೇಲೆ ಹತ್ತಿ ಜಿನ್ನಿಂಗ್ ಮಿಲ್ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಹೆಚ್ಚಿನ ಕಡೆ ಇತ್ತು. ಹತ್ತಿಯ ಹಂಗಾಮಿನಲ್ಲಿ ಮಾತ್ರ ಓಡುವ ಮಿಲ್‌ಗಳು ಅವು.

ಅವರು ಆಸಿಲೋಸ್ಕೋಪ್ (ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಮತ್ತು ಡಿಫರೆನ್ಷಿಯಲ್ ಪ್ರೋಬ್ ತೆಗೆದುಕೊಂಡು ಒಂದು ಹೊಲಕ್ಕೆ ಹೋಗಿ ಅಲೆಯನ್ನು ಕಂಡರು. ಪೆನ್‌ಡ್ರೈವ್ ಒಯ್ದಿರಲಿಲ್ಲವಾದ್ದರಿಂದ ಮೊಬೈಲ್‌ನಲ್ಲಿ ಪರದೆಯ ಫೋಟೊ ತೆಗೆದುಕೊಂಡು ಬಂದರು. ಮತ್ತೆ ಹೋಗುವಷ್ಟರಲ್ಲಿ ಹಂಗಾಮು ಮುಗಿದು ಮಿಲ್ ನಿಂತಿತ್ತು. ನಮ್ಮ ಕೈಯಲ್ಲಿ ಉಳಿದದ್ದು ಸ್ವಲ್ಪ ಓರೆಯಾಗಿ ತೆಗೆದ ಒಂದು ಚಿತ್ರ ಮಾತ್ರ.

ಚಿತ್ರದಿಂದ ಸಮೀಕರಣಕ್ಕೆ

ಚಿತ್ರದಲ್ಲಿ ಸೈನ್ ಅಲೆ ಸ್ವಚ್ಛವಾಗಿಯೇ ಇತ್ತು. ಆದರೆ ಅದು ಸೊನ್ನೆ ದಾಟಿದ ಕೂಡಲೇ ಜಾಲಿಮುಳ್ಳಿನಂತಹ ಒಂದು ಸಣ್ಣ ಕಂಪನ ಎದ್ದು, ಎರಡು ಮೂರು ಸಲ ತೂಗಿ ಅಡಗುತ್ತಿತ್ತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮಿಲ್ಲಿನ ಮೋಟಾರಿನ ವೇಗ ಬದಲಿಸುವ ಡ್ರೈವ್‌ನ ಒಳಗೆ ಮೊದಲಿಗೆ ಎ.ಸಿ.ಯನ್ನು ಡಿ.ಸಿ. ಮಾಡುವ ಮೂರು ಫೇಸ್ ರೆಕ್ಟಿಫೈಯರ್ ಇರುತ್ತದೆ. ಅದರಲ್ಲಿ ಕರೆಂಟು ಒಂದು ಫೇಸ್‌ನ ಡಯೋಡಿನಿಂದ ಇನ್ನೊಂದರ ಡಯೋಡಿಗೆ ದಾಟುವಾಗ ಎರಡೂ ಡಯೋಡ್‌ಗಳು ಅರೆಗಳಿಗೆ ಒಟ್ಟಿಗೆ ತೆರೆದಿರುತ್ತವೆ, ಆ ಎರಡು ಫೇಸ್‌ಗಳು ಕೂಡಿಕೊಂಡಂತಾಗುತ್ತವೆ. ಎರಡು ಫೇಸ್‌ಗಳ ವೋಲ್ಟೇಜ್ ಸಮನಾದಾಗಲೇ ಈ ದಾಟು ಶುರುವಾಗುವುದರಿಂದ, ಅವುಗಳ ನಡುವಿನ ಲೈನ್ ವೋಲ್ಟೇಜ್ ಆಗ ಸರಿಯಾಗಿ ಸೊನ್ನೆಯಲ್ಲಿರುತ್ತದೆ. ಬಿಡಿಸಿಕೊಂಡ ಮೇಲೆ ಲೈನಿನ ಇಂಡಕ್ಟನ್ಸ್ ಮತ್ತು ಕೆಪಾಸಿಟನ್ಸ್ ಸೇರಿ ಕಂಪಿಸುತ್ತವೆ. ನಮ್ಮ ಪ್ರಿವೆಂಟರ್ ಕಣ್ಣಿಟ್ಟು ಕೂತಿದ್ದ ಜಾಗದಲ್ಲಿಯೇ ಮುಳ್ಳು ಏಳುತ್ತಿತ್ತು.

ಚಿತ್ರವನ್ನೇ ಮೌಸಿನಿಂದ ಬಿಂದು ಬಿಂದುವಾಗಿ ತಿದ್ದಿ ಅಲೆ ಮಾಡಿಕೊಳ್ಳಬಹುದಿತ್ತು, ಬೇಕಾದ ಆಕಾರದ ಅಲೆಯನ್ನು ಹುಟ್ಟಿಸುವ ನಮ್ಮ ಸಿಗ್ನಲ್ ಜನರೇಟರಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯವಿತ್ತು. ನಾನು ಬೇಡವೆಂದೆ. ಕೈಯಿಂದ ತಿದ್ದಿದ ಅಲೆ ಒಂದೇ ಅಲೆ. ಅದರಲ್ಲಿ ಯಾವ ಭಾಗ ತೊಂದರೆ ಕೊಡುತ್ತಿದೆ ಎಂದು ಕೇಳಲು ಬರುವುದಿಲ್ಲ. ಸಮೀಕರಣವಾದರೆ ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಒಂದನ್ನು ಬದಲಿಸಿ ಉಳಿದವನ್ನು ಹಾಗೆಯೇ ಇಡಬಹುದು. ನಾವು ಪೈಥಾನ್‌ನಲ್ಲಿ ಬರೆದದ್ದು ಸುಮಾರಾಗಿ ಹೀಗಿತ್ತು:

ವೋಲ್ಟೇಜ್ = ಸೈನ್(2 × ಪೈ × 50 × ಕಾ) − ಎ × ಘಾತ(−ಸ ÷ ಕುಂ) × ಸೈನ್(2 × ಪೈ × 3000 × ಸ)

ಇಲ್ಲಿ ‘ಕಾ’ ಎಂದರೆ ಸೆಕೆಂಡುಗಳಲ್ಲಿ ಕಾಲ. ‘ಘಾತ’ ಎಂದರೆ ಎಕ್ಸ್‌ಪೊನೆನ್ಷಿಯಲ್. ‘ಎ’ ಮುಳ್ಳಿನ ಎತ್ತರ, ಮೂಲ ಅಲೆಯ ಶಿಖರಕ್ಕೆ ಹೋಲಿಸಿ. ‘ಕುಂ’ ಕಂಪನ ಕುಂದುವ ವೇಗವನ್ನು ಹೇಳುತ್ತದೆ. ಚಿತ್ರದಿಂದ ಅಂದಾಜಿಸಿ 0.4 ಮಿಲಿಸೆಕೆಂಡ್ ಎಂದು ಇಟ್ಟುಕೊಂಡೆವು. ‘ಸ’ ಎಂದರೆ ಅಲೆ ಸೊನ್ನೆ ದಾಟಿ 0.1 ಮಿಲಿಸೆಕೆಂಡ್ ಕಳೆದ ಮೇಲಿನ ಕಾಲ; ಅದಕ್ಕೂ ಮೊದಲು ಎರಡನೆಯ ಪದ ಇರುವುದಿಲ್ಲ. ಅಲೆ ಇಳಿಯುತ್ತಾ ಸೊನ್ನೆ ದಾಟುವಾಗ ಚಿಹ್ನೆ ತಿರುಗುತ್ತದೆ. ಒಂದು ಲೈನಿನ ಮುಳ್ಳಿನ ನೆರಳು ಉಳಿದೆರಡರ ಮೇಲೂ ಬೀಳುವುದನ್ನು ಮೊದಲ ಸುತ್ತಿನಲ್ಲಿ ಕೈಬಿಟ್ಟೆವು.

ಜನರೇಟರಿಗೆ ಎರಡೇ ಚಾನೆಲ್ ಇದ್ದವು. ಮೂರು ಲೈನ್ ವೋಲ್ಟೇಜ್‌ಗಳ ಮೊತ್ತ ಸದಾ ಸೊನ್ನೆಯಾದ್ದರಿಂದ ಮೂರನೆಯದನ್ನು, ವೋಲ್ಟೇಜ್‌ಗಳನ್ನು ಕೂಡಿಸಿ ಚಿಹ್ನೆ ತಿರುಗಿಸಬಲ್ಲ ಒಂದು ಆಪ್-ಆಂಪ್‌ನಿಂದ ಮಾಡಿಕೊಂಡೆವು. 415 ವೋಲ್ಟ್‌ನ ಗೋಜಿಗೆ ಹೋಗಲಿಲ್ಲ. ಪ್ರಿವೆಂಟರಿನ ಒಳಗೆ ವೋಲ್ಟೇಜ್ ಅನ್ನು ಇಳಿಸುವ ರೆಸಿಸ್ಟರ್‌ಗಳ ಸರಣಿಯನ್ನು ಬಿಡಿಸಿ, ಅದರ ಆಚೆಗೆ, ಮೈಕ್ರೊಕಂಟ್ರೋಲರಿನ ಕಾಲಿಗೇ (ಪಿನ್) ಸಣ್ಣ ಅಲೆಯನ್ನು ಕೊಟ್ಟೆವು: 1.65 ವೋಲ್ಟ್ ನಡುಮಟ್ಟ, ಅದರ ಮೇಲೆ ಕೆಳಗೆ 1.2 ವೋಲ್ಟ್.

ಎರಡು ಎಡವುಗಳು

ಮೊದಲ ದಿನವೇ ಒಂದು ಬೋರ್ಡ್ ಹೋಯಿತು. ಜನರೇಟರಿನ ಔಟ್‌ಪುಟ್ ಸೆಟ್ಟಿಂಗ್ 50 ಓಮ್ ಲೋಡಿಗೆ ಇತ್ತು. ಉಪಕರಣದ ಒಳಗೂ 50 ಓಮ್ ಇರುವುದರಿಂದ, ಹೊರಗೆ ಇನ್ನೊಂದು 50 ಓಮ್ ಇದೆ ಎಂದು ನಂಬಿ ಅದು ಒಳಗೆ ಎರಡು ಪಟ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಮೈಕ್ರೊಕಂಟ್ರೋಲರಿನ ಕಾಲು ಕರೆಂಟನ್ನೇ ಎಳೆಯುವುದಿಲ್ಲ. ಪೂರ್ತಿ ಎರಡು ಪಟ್ಟು ಅದರ ಮೇಲೆ ಬಿತ್ತು. ನಡುಮಟ್ಟ 3.3, ಶಿಖರ 5.7 ವೋಲ್ಟ್. ಪರದೆಯ ಮೇಲೆ ಮಾತ್ರ ನಾವು ಕೊಟ್ಟ 1.65 ಮತ್ತು 1.2 ಹಾಗೆಯೇ ಹೊಳೆಯುತ್ತಿದ್ದವು. ಆ ಸೆಟ್ಟಿಂಗನ್ನು, ಹೊರಗೆ ಕರೆಂಟು ಎಳೆಯುವ ಲೋಡಿಲ್ಲ ಎಂದು ತಿಳಿಸುವ ಹೈ-ಜಡ್‌ಗೆ ಬದಲಿಸಿ, ಇನ್ನು ಮುಂದೆ ಸ್ಕೋಪಿನಲ್ಲಿ ನೋಡದೆ ಯಾವ ಅಲೆಯನ್ನೂ ಬೋರ್ಡಿಗೆ ಕೊಡುವುದಿಲ್ಲ ಎಂದು ಗೋಡೆಗೆ ಬರೆದು ಅಂಟಿಸಿದೆವು.

ಎರಡನೆಯದು ಇನ್ನೂ ಸೂಕ್ಷ್ಮ. ಮುಳ್ಳಿಗೆ ಮೊದಲು, ಬರಿಯ ಹಾರ್ಮೋನಿಕ್‌ನಿಂದಲೇ ಟ್ರಿಪ್ ಆಗುತ್ತದೆಯೇ ನೋಡೋಣ ಎಂದು ಶೇಕಡಾ 7ರಷ್ಟು ಐದನೆಯ ಹಾರ್ಮೋನಿಕ್, ಅಂದರೆ ಮೂಲ ಅಲೆಯ ಐದು ಪಟ್ಟು ಆವರ್ತನದ ಅಲೆ, ಸೇರಿಸಿದ್ದೆವು. 415 ತೋರಿಸಬೇಕಾದ ಪ್ರಿವೆಂಟರ್ 389 ತೋರಿಸಿತು. ಹಾರ್ಮೋನಿಕ್ ಅಳತೆಯನ್ನು ಕೆಡಿಸುತ್ತಿದೆ ಎಂದು ಒಂದು ಮಧ್ಯಾಹ್ನವೆಲ್ಲ ಚರ್ಚಿಸಿದೆವು. ನಿಜಾಂಶವೆಂದರೆ, ಸಾಫ್ಟ್‌ವೇರ್ ನಾವು ಕೊಟ್ಟ ಅಲೆಯ ಶಿಖರವನ್ನು ಹುಡುಕಿ ಅದನ್ನು 1ಕ್ಕೆ ಇಳಿಸಿ ಹೊಂದಿಸುತ್ತಿತ್ತು. ಹಾರ್ಮೋನಿಕ್ ಸೇರಿ ಶಿಖರ 1.07 ಆಗಿತ್ತು, ಒಳಗಿನ ಮೂಲ ಅಲೆ ಅದೇ ಪ್ರಮಾಣದಲ್ಲಿ ಕುಗ್ಗಿತ್ತು. ಒಂದನ್ನು ಮಾತ್ರ ಬದಲಿಸಿದ್ದೇವೆಂದು ನಾವು ತಿಳಿದಿದ್ದಾಗ ಉಪಕರಣ ಎರಡನ್ನು ಬದಲಿಸಿತ್ತು. ಆಮೇಲೆ ಶಿಖರವನ್ನು ನಾವೇ ಲೆಕ್ಕ ಹಾಕಿ ವೋಲ್ಟೇಜ್ ಅನ್ನು ಅಷ್ಟು ಏರಿಸಿಕೊಂಡೆವು. ಹಾರ್ಮೋನಿಕ್‌ನಿಂದ ಟ್ರಿಪ್ ಆಗಲಿಲ್ಲ.

ಸಿಕ್ಕಿತು ಎಂದುಕೊಂಡ ದಿನ

ಮುಳ್ಳು ಸೇರಿಸಿದ ಸಮೀಕರಣವನ್ನು 0.2 ಸೆಕೆಂಡಿನಷ್ಟು ಉದ್ದಕ್ಕೆ ಲೆಕ್ಕ ಹಾಕಿ, 8,192 ಬಿಂದುಗಳ ಕೋಷ್ಟಕ ಮಾಡಿ ಜನರೇಟರಿಗೆ ತುಂಬಿದೆವು. ಹೊಲದ ಅಲೆಗೆ ಆದಷ್ಟೂ ಹತ್ತಿರವಿರಲಿ ಎಂಬ ಆಸೆಯಿಂದ 50 ಹರ್ಟ್ಸ್‌ನ ಬದಲು ಫೋಟೊದಲ್ಲಿ ಅಳೆದ ಸುತ್ತಿನ ಕಾಲವನ್ನೇ, 20.1 ಮಿಲಿಸೆಕೆಂಡ್ ಅನ್ನೇ ಬಳಸಿದೆವು. ಔಟ್‌ಪುಟ್ ಬಟನ್ ಒತ್ತಿದ ಒಂದು ಸೆಕೆಂಡಿನೊಳಗೆ ರಿಲೇ ಟಕ್ಕೆಂದಿತು. ಮತ್ತೆ ಒತ್ತಿದೆವು, ಮತ್ತೆ ಟ್ರಿಪ್. ತಿಂಗಳುಗಟ್ಟಲೆ ಮೇಜಿನ ಮೇಲೆ ಸಿಗದಿದ್ದ ದೋಷ ಕೈಗೆ ಸಿಕ್ಕಿತ್ತು. ಮಾಲೀಕರು ಎಲ್ಲರಿಗೂ ಚಹಾ ತರಿಸಿದರು. ಫಿಲ್ಟರ್ ಹಾಕಲು ಎಷ್ಟು ಕೆಪಾಸಿಟರ್ ಬೇಕೆಂದು ಲೆಕ್ಕವೂ ಶುರುವಾಯಿತು.

ಅಲ್ಲಿ ತರಬೇತಿಗೆ ಬಂದಿದ್ದ ಡಿಪ್ಲೊಮಾ ವಿದ್ಯಾರ್ಥಿನಿಯೊಬ್ಬಳು ಇದ್ದಳು. ಎಷ್ಟು ಎತ್ತರದ ಮುಳ್ಳಿಗೆ ಟ್ರಿಪ್ ಆಗುತ್ತದೆ ಎಂಬ ಪಟ್ಟಿ ಮಾಡಲು ಅವಳಿಗೆ ಹೇಳಿದ್ದೆ. ‘ಎ’ ಶೇಕಡಾ 8, 6, 4, 2 ಎಂದು ಇಳಿಸುತ್ತಾ ಹೋದಳು. ಎಲ್ಲಕ್ಕೂ ಟ್ರಿಪ್. ಪಟ್ಟಿ ಅಲ್ಲಿಗೆ ಮುಗಿಯಬೇಕಿತ್ತು. ಅವಳು ಇನ್ನೊಂದು ಸಾಲು ಸೇರಿಸಿ, ‘ಎ’ ಜಾಗದಲ್ಲಿ ಸೊನ್ನೆ ಹಾಕಿದಳು.

“ಸರ್, ಮುಳ್ಳೇ ಇಲ್ಲದಿದ್ದರೂ ಟ್ರಿಪ್ ಆಗುತ್ತಿದೆ.”

ಈ ಇಡೀ ಪ್ರಕರಣದ ಬಹುಮುಖ್ಯ ಸಾಲು ಅದು. ನಾನು ಹೇಳಿಕೊಡಬೇಕಾಗಿದ್ದ ಪರೀಕ್ಷೆಯನ್ನು ಅವಳು ತಾನಾಗಿ ಮಾಡಿದ್ದಳು. ಕಾರಣವೆಂದು ನಾವು ಹೆಸರಿಟ್ಟದ್ದನ್ನು ತೆಗೆದುಬಿಟ್ಟರೂ ಪರಿಣಾಮ ಉಳಿಯುತ್ತದೆಯೆಂದರೆ ಅದು ಕಾರಣವಲ್ಲ. ಅಷ್ಟಕ್ಕೂ ಒಂದು ಸುಳಿವನ್ನು ನಾವೆಲ್ಲರೂ ಕಡೆಗಣಿಸಿದ್ದೆವು: ಹೊಲದಲ್ಲಿ ಟ್ರಿಪ್‌ಗೆ ಹೊತ್ತುಗೊತ್ತಿರಲಿಲ್ಲ, ಮೇಜಿನ ಮೇಲೆ ಅದು ಗಡಿಯಾರ ಇಟ್ಟಂತೆ ನಡೆಯುತ್ತಿತ್ತು.

ಸ್ಕೋಪಿನಲ್ಲಿ ನಿಧಾನವಾಗಿ ಸರಿಸುತ್ತಾ ನೋಡಿದಾಗ ದೋಷ ಕಂಡಿತು. ಜನರೇಟರ್ ಸಮೀಕರಣವನ್ನು ಅರಿಯದು. ಅದಕ್ಕೆ ಗೊತ್ತಿರುವುದು 8,192 ಸಂಖ್ಯೆಗಳ ಒಂದು ಸರ. ಕೊನೆಯ ಮಣಿ ಮುಗಿದೊಡನೆ ಮೊದಲ ಮಣಿಗೆ ಹೋಗುತ್ತದೆ. 20.1 ಮಿಲಿಸೆಕೆಂಡಿನ ಹತ್ತು ಸುತ್ತುಗಳಿಗೆ 201 ಮಿಲಿಸೆಕೆಂಡ್ ಬೇಕು. ನಾವು ಕೊಟ್ಟದ್ದು 200. ಹತ್ತನೆಯ ಸುತ್ತಿನ ಬಾಲದಿಂದ ಒಂದು ಮಿಲಿಸೆಕೆಂಡ್ ಕತ್ತರಿಸಿಹೋಗಿ, ಅಲೆ ಅಲ್ಲಿಂದ ಸೊನ್ನೆಗೆ ಹಾರುತ್ತಿತ್ತು. ಒಂದು ಮಿಲಿಸೆಕೆಂಡ್ ಎಂದರೆ 18 ಡಿಗ್ರಿ. ಪ್ರಿವೆಂಟರಿನ ಸಹನೆ 12 ಡಿಗ್ರಿ. ಸೆಕೆಂಡಿಗೆ ಐದು ಬಾರಿ ಆ ಹೊಲಿಗೆ ಬರುತ್ತಿತ್ತು, ಮೂರು ತಪ್ಪಿಗೆ ಟ್ರಿಪ್. ಪ್ರಿವೆಂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

20.1 ಎಂಬ ಸಂಖ್ಯೆಯೇ ನಮ್ಮನ್ನು ಎಚ್ಚರಿಸಬೇಕಿತ್ತು. ಅದು 49.75 ಹರ್ಟ್ಸ್ ಆಗುತ್ತದೆ. ನಮ್ಮ ದೇಶದ ಗ್ರಿಡ್ ನಿಯಮ ನಿಗದಿಪಡಿಸಿದ ಮಿತಿ 49.90ರಿಂದ 50.05 ಹರ್ಟ್ಸ್. ಗ್ರಿಡ್ ಅಷ್ಟು ಇಳಿದಿತ್ತು ಎನ್ನುವುದಕ್ಕಿಂತ, ಓರೆ ಫೋಟೊದಲ್ಲಿ ನಾವು ತಪ್ಪಾಗಿ ಓದಿದೆವು ಎನ್ನುವುದೇ ಹೆಚ್ಚು ಸಂಭವ.

ಹೊಲಿಗೆ ಇಲ್ಲದ ಅಲೆ

ಸಮೀಕರಣವನ್ನು ಬೇರೆ ರೀತಿಯಲ್ಲಿ ಬರೆದೆವು. ಸೆಕೆಂಡುಗಳನ್ನು ಬಿಟ್ಟು, ಕೋಷ್ಟಕದ ಉದ್ದವನ್ನೇ 1 ಎಂದು ಇಟ್ಟುಕೊಂಡು, ಅದರಲ್ಲಿ ಸರಿಯಾಗಿ ಎಂಟು ಸುತ್ತು ಕೂರಿಸಿದೆವು. 8,192ನ್ನು ಎಂಟರಿಂದ ಭಾಗಿಸಿದರೆ ಸುತ್ತಿಗೆ 1,024 ಬಿಂದು, ಎಲ್ಲೂ ಉಳಿಕೆ ಇಲ್ಲ. ಕೋಷ್ಟಕವನ್ನು ಸೆಕೆಂಡಿಗೆ 6.25 ಬಾರಿ ನುಡಿಸಲು ಜನರೇಟರಿಗೆ ಹೇಳಿದರೆ 50 ಹರ್ಟ್ಸ್ ತಾನಾಗಿ ಬರುತ್ತದೆ. ಆವರ್ತನ ಬದಲಿಸಬೇಕಿದ್ದರೆ ಆ 6.25ನ್ನು ಬದಲಿಸಬೇಕು, ಸಮೀಕರಣವನ್ನು ಮುಟ್ಟಬಾರದು. ಇನ್ನೊಂದು ಸಣ್ಣ ತಪ್ಪೂ ಆಗ ಕಂಡಿತು. ಸಮ ಅಂತರದ ಬಿಂದುಗಳನ್ನು ಕೊಡುವ, ಪೈಥಾನ್‌ನ ನಂಪೈ ಲೈಬ್ರರಿಯ ಲಿನ್‌ಸ್ಪೇಸ್ ಬೇರೆ ಹೇಳದಿದ್ದರೆ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ. ಸುತ್ತುವ ಅಲೆಯಲ್ಲಿ ಕೊನೆಯ ಬಿಂದು ಮತ್ತು ಮೊದಲ ಬಿಂದು ಒಂದೇ ಆಗಿ ಒಂದು ಹೆಜ್ಜೆ ಎರಡು ಸಲ ಬೀಳುತ್ತದೆ. ಕೊನೆಯ ತುದಿ ಬೇಡವೆಂದು ಅದಕ್ಕೆ ಹೇಳಬೇಕು.

ಈ ಬಾರಿ ಮೊದಲು ‘ಎ’ಗೆ ಸೊನ್ನೆ ಕೊಟ್ಟೆವು. ರಾತ್ರಿಯಿಡೀ ಓಡಿತು, ಟ್ರಿಪ್ ಇಲ್ಲ. ಆಮೇಲೆ ಏರಿಸುತ್ತಾ ಹೋದೆವು. ಶೇಕಡಾ 2, 4, 6 ಯಾವುದಕ್ಕೂ ಏನೂ ಆಗಲಿಲ್ಲ. 8ಕ್ಕೆ ಟ್ರಿಪ್ ಆಯಿತು.

ಕಾಗದದ ಮೇಲೆ ಲೆಕ್ಕ ಹಾಕಿದರೂ ಅದೇ ಬಂದಿತು. ಸೊನ್ನೆ ದಾಟಿ 0.17 ಮಿಲಿಸೆಕೆಂಡ್ ಆದಾಗ ಮೂಲ ಅಲೆ ತನ್ನ ಶಿಖರದ ಶೇಕಡಾ 5.3ರಷ್ಟು ಏರಿರುತ್ತದೆ. ಆಗಿನ ಮುಳ್ಳಿನ ಕೆಳಹೊಡೆತ, ‘ಎ’ 6 ಇದ್ದಾಗ 4.9, ಅಲೆಯನ್ನು ಮತ್ತೆ ಸೊನ್ನೆಯ ಕೆಳಗೆ ಎಳೆಯಲು ಸಾಲದು. 8 ಇದ್ದಾಗ 6.5, ಅಲೆ ಸುಮಾರು 60 ಮೈಕ್ರೊಸೆಕೆಂಡ್ ಕಾಲ ಸೊನ್ನೆಯ ಕೆಳಗೆ ಮುಳುಗಿ ಮತ್ತೆ ಏಳುತ್ತದೆ. 100 ಮೈಕ್ರೊಸೆಕೆಂಡಿಗೊಮ್ಮೆ ಕಣ್ಣು ತೆರೆಯುವ ಮೈಕ್ರೊಕಂಟ್ರೋಲರಿಗೆ ಆ ಮುಳುಗು ಕೆಲವು ಸಲ ಕಾಣುತ್ತದೆ, ಕೆಲವು ಸಲ ಇಲ್ಲ. ಕಂಡಾಗ ಅದು ಒಂದೇ ಲೈನು ಎರಡು ಬಾರಿ ಸೊನ್ನೆ ದಾಟಿತು, ಸರದಿ ಕೆಟ್ಟಿತು ಎಂದು ಬರೆದುಕೊಳ್ಳುತ್ತದೆ.

ಎಂಟು ಸುತ್ತುಗಳ ಕೋಷ್ಟಕ ಇಲ್ಲಿ ಕೆಲಸಕ್ಕೆ ಬಂತು. ಒಂದು ಸುತ್ತಿನಲ್ಲಿ ಮಾತ್ರ ‘ಎ’ಯನ್ನು 8ಕ್ಕೆ ಏರಿಸಿ ಉಳಿದ ಏಳರಲ್ಲಿ 5 ಇಟ್ಟೆವು, ಮಿಲ್ಲಿನ ಹೊರೆ ಏರಿಳಿದಾಗ ಹೊಲದಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ಜನರೇಟರ್ ಮತ್ತು ಪ್ರಿವೆಂಟರಿನ ಗಡಿಯಾರಗಳು ಒಂದಕ್ಕೊಂದು ನಿಧಾನವಾಗಿ ಸರಿಯುವುದರಿಂದ ಟ್ರಿಪ್ ಒಮ್ಮೆ ಕೆಲವು ಸೆಕೆಂಡಿಗೆ, ಒಮ್ಮೆ ಹಲವು ನಿಮಿಷಕ್ಕೆ ಆಯಿತು. ಹೊಲದ ಆ ಹೊತ್ತುಗೊತ್ತಿಲ್ಲದ ನಡತೆ ಮೊದಲ ಬಾರಿಗೆ ಹುಬ್ಬಳ್ಳಿಯ ಮೇಜಿನ ಮೇಲೆ ಕಂಡಿತು. ಅಂದು ಯಾರೂ ಚಹಾ ತರಿಸಲಿಲ್ಲ. ಮೊದಲು ಸೊನ್ನೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆವು.

ಪರಿಹಾರದ ಚರ್ಚೆ

ಮಾಲೀಕರಿಗೆ ಫಿಲ್ಟರ್ ಹಾಕುವ ಮನಸ್ಸಿತ್ತು. ಕೆಪಾಸಿಟರ್ ಕಣ್ಣಿಗೆ ಕಾಣುತ್ತದೆ, ಗಿರಾಕಿಗೆ ತೋರಿಸಬಹುದು ಎಂಬುದು ಅವರ ಮಾತು. ನನ್ನ ಆಕ್ಷೇಪ ಹೀಗಿತ್ತು: 500 ಹರ್ಟ್ಸ್ ಗಡಿಯ ಸರಳ ಫಿಲ್ಟರ್ 50 ಹರ್ಟ್ಸ್ ಅಲೆಯನ್ನೂ 5.7 ಡಿಗ್ರಿಯಷ್ಟು ತಡಮಾಡುತ್ತದೆ. ಮೂರೂ ಲೈನುಗಳಲ್ಲಿ ಸಮನಾಗಿ ತಡವಾದರೆ ತೊಂದರೆಯಿಲ್ಲ. ಆದರೆ ಬಿಸಿಲಿನಲ್ಲಿ ಕಾಯುವ ತಗಡಿನ ಪೆಟ್ಟಿಗೆಯೊಳಗೆ ಮೂರು ಅಗ್ಗದ ಕೆಪಾಸಿಟರ್‌ಗಳು ವರ್ಷಗಟ್ಟಲೆ ಸಮನಾಗಿ ಉಳಿಯುತ್ತವೆ ಎಂಬ ಭರವಸೆ ನನಗಿರಲಿಲ್ಲ. ಕೋನವನ್ನೇ ಅಳೆಯುವ ಸಾಧನದಲ್ಲಿ ಕೋನವನ್ನು ಅಲುಗಾಡಿಸುವ ಭಾಗ ಬೇಡವೆಂದೆ. ಕೊನೆಗೆ ಪ್ರೋಗ್ರಾಂ ಬದಲಿಸುವುದೆಂದು ತೀರ್ಮಾನವಾಯಿತು: ಒಂದು ಲೈನು ಒಮ್ಮೆ ಸೊನ್ನೆ ದಾಟಿ ಏರಿದ ಮೇಲೆ 15 ಮಿಲಿಸೆಕೆಂಡ್ ಕಾಲ ಅದೇ ಲೈನಿನ ಇನ್ನೊಂದು ದಾಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಹೊಸ ಪ್ರೋಗ್ರಾಂ ಶೇಕಡಾ 8ರ ಮುಳ್ಳಿಗೆ ಮಿಸುಕಲಿಲ್ಲ. ಆದರೆ ಬೊಗಳದ ನಾಯಿಯೂ ರೈತನಿಗೆ ಪ್ರಯೋಜನವಿಲ್ಲ. ಆದ್ದರಿಂದ ಅದೇ ಸಮೀಕರಣದಲ್ಲಿ ಒಂದು ಲೈನಿನ ಕೋನಕ್ಕೆ 5, 10, 15, 20 ಡಿಗ್ರಿ ಸೇರಿಸಿ, ಮುಳ್ಳು ಇಟ್ಟೂ ಇಡದೆಯೂ ನೋಡಿದೆವು. 5 ಮತ್ತು 10ಕ್ಕೆ ಸುಮ್ಮನಿತ್ತು. 15 ಮತ್ತು 20ಕ್ಕೆ ಸೆಕೆಂಡಿನೊಳಗೆ ನಿಲ್ಲಿಸಿತು. ಮುಳ್ಳಿನ ನಡುವೆಯೂ ನಿಜವಾದ ದೋಷವನ್ನು ಅದು ಕಂಡುಹಿಡಿಯುತ್ತಿತ್ತು. ಕೈಬಿಟ್ಟಿದ್ದ ನೆರಳು ಮುಳ್ಳುಗಳನ್ನೂ ಆಗ ಸೇರಿಸಿ ಮತ್ತೊಮ್ಮೆ ಓಡಿಸಿದೆವು. ವ್ಯತ್ಯಾಸವಾಗಲಿಲ್ಲ. ಈಗ ಪ್ರತಿ ಹೊಸ ತಂಡದ ಪ್ರಿವೆಂಟರ್‌ಗಳು ಹೊರಬೀಳುವ ಮುನ್ನ ಇವೇ ಅಲೆಗಳನ್ನು ದಾಟಬೇಕು. ಪಟ್ಟಿಯ ಮೊದಲ ಸಾಲು ‘ಎ’ ಸಮ ಸೊನ್ನೆ.

ಮುಂದಿನ ಹಂಗಾಮು

ಹತ್ತಿ ಬಿಡಿಸುವ ಹೊತ್ತಿಗೆ, ಹೆಚ್ಚು ದೂರು ಕೊಟ್ಟಿದ್ದ ಆರು ಹೊಲಗಳಲ್ಲಿ ಹೊಸ ಪ್ರೋಗ್ರಾಂ ಹಾಕಿದ ಪ್ರಿವೆಂಟರ್ ಕೂರಿಸಿದರು. ನೇರ ಕೂಡಿಸಿದ್ದ ತಂತಿಗಳನ್ನು ಬಿಚ್ಚಿಸಲು ತಂತ್ರಜ್ಞರು ರೈತರ ಜೊತೆ ಬಹಳ ಹೊತ್ತು ಮಾತನಾಡಬೇಕಾಯಿತು. ಐದು ಕಡೆ ಮಿಲ್ ಓಡುತ್ತಿದ್ದರೂ ಫೆಬ್ರುವರಿಯವರೆಗೆ ಸುಳ್ಳು ಟ್ರಿಪ್ ಬರಲಿಲ್ಲ.

ಆರನೆಯ ಹೊಲದಲ್ಲಿ ಮೂರನೆಯ ವಾರದಲ್ಲೇ ಟ್ರಿಪ್ ಶುರುವಾಯಿತು. ಮಾಲೀಕರು ನನಗೆ ಫೋನ್ ಮಾಡಿದಾಗ ಅವರ ದನಿ ಕುಗ್ಗಿತ್ತು. ತಂತ್ರಜ್ಞರು ಸ್ಕೋಪ್ ಹಿಡಿದು ಹೋದರು. ಅಲ್ಲಿನ ಅಲೆಯಲ್ಲಿ ಮುಳ್ಳು ಅಷ್ಟಾಗಿ ಇರಲಿಲ್ಲ. ಮೋಟಾರು ಹೊರೆ ಹಿಡಿದಾಗಲೆಲ್ಲ ಒಂದು ಲೈನಿನ ಕೋನ ಜಾರುತ್ತಿತ್ತು. ಹುಡುಕುತ್ತಾ ಹೋದಾಗ ಫ್ಯೂಸ್ ಪೆಟ್ಟಿಗೆಯಲ್ಲಿ ಕಪ್ಪಾಗಿ ಸಡಿಲಗೊಂಡ ಒಂದು ಜೋಡಣೆ ಸಿಕ್ಕಿತು. ಅದನ್ನು ಉಜ್ಜಿ ಬಿಗಿಮಾಡಿದ ಮೇಲೆ ಟ್ರಿಪ್ ನಿಂತಿತು, ಮೋಟಾರು ಉಳಿಯಿತು. ಆ ಜಾರುವ ಅಲೆಯನ್ನು ಅವರು ಈ ಬಾರಿ ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಅದರ ಸಮೀಕರಣ ಬರೆಯುವ ಕೆಲಸ ಈಗ ಆ ವಿದ್ಯಾರ್ಥಿನಿಯ ಮೇಜಿನ ಮೇಲಿದೆ.